ಸೊಳ್ಳೆ ಕಡಿದ ಕಲೆಗೆ ಅಂತ ತಗೊಂಡಿದ್ದು 11 ಐಟಂ, ಉಳ್ಕೊಂಡಿದ್ದು ನಾಲ್ಕು

ನಮ್ಮನೆ ಬಾತ್‌ರೂಮ್ ಕಪಾಟು ತೆಗೆದ್ರೆ ಸದ್ಯಕ್ಕೆ 11 ಐಟಂ ಇದಾವೆ. ಅರ್ಧ ಹಿಂಡಿದ ಟ್ಯೂಬುಗಳು, ಮುಚ್ಚಳ ಕಳ್ಕೊಂಡ ಬಾಟ್ಲಿ, ಒಂದು ಬ್ಯಾಟರಿ ಪೆನ್ನು, ರಬ್ಬರ್ ಬ್ಯಾಂಡು. ಎಲ್ಲಾ ತಗೊಂಡಿದ್ದು ಒಂದೇ ಕಾರಣಕ್ಕೆ, ಮಗಳ ಕಾಲಲ್ಲಿ ಹುಳ ಕಚ್ಚಿ ಉಳ್ಕೊಂಡಿರೋ ಕಪ್ಪು ಚುಕ್ಕೆಗಳಿಗೆ. ಎರಡು ವರ್ಷದಿಂದ ದುಡ್ಡು ಸುರ್ದಿದೀನಿ, ಅದ್ರಲ್ಲಿ ಮುಕ್ಕಾಲು ಪಾಲು ದಂಡ. ಯಾವ್ದು ಕೆಲ್ಸಕ್ಕೆ ಬಂತು ಯಾವ್ದು ಬರ್ಲಿಲ್ಲ ಅಂತ ಒಂದ್ಸಲ ಕೂತು ಬರ್ದುಬಿಡೋಣ, ನನ್ ಥರ ರಾತ್ರಿ 12 ಗಂಟೆಗೆ ಫೋನಲ್ಲಿ ಸ್ಕಾರ್ ಕ್ರೀಮ್ ಹುಡುಕ್ತಾ ಕೂತಿರೋ ಅಮ್ಮಂದಿರಿಗೆ ಉಪಯೋಗ ಆದ್ರೂ ಆಗ್ಬೋದು.

ಮೊದ್ಲು ಕಥೆ ಸ್ವಲ್ಪ. ನಮ್ಮಮ್ಮನ ಮನೆ ತೀರ್ಥಹಳ್ಳಿ ಕಡೆ, ಮನೆ ಹಿಂದೇನೇ ಅಡಿಕೆ ತೋಟ. ಹೋದ ವರ್ಷಕ್ಕೂ ಹಿಂದಿನ ಏಪ್ರಿಲ್ ರಜಕ್ಕೆ ಪುಟ್ಟಿನ ಒಂದು ತಿಂಗಳು ಅಲ್ಲೇ ಬಿಟ್ಟಿದ್ವಿ, ಅವಳಿಗೆ ಆಗ ಐದು ವರ್ಷ. ಸಂಜೆ ತೋಟದಲ್ಲಿ ಬರೀ ಚಡ್ಡಿಲಿ ಓಡಾಟ, ಸೊಳ್ಳೆ ಕಡಿಯುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಡಿಯುತ್ತೆ, ಮುಂಗಾರಿಗೆ ಮುಂಚೆ ಎರಡು ಮಳೆ ಬಿದ್ರೆ ಸಾಕು ಇಂಬಳ (ರಕ್ತ ಹೀರೋ ಜಿಗಣೆ) ಕೂಡ ಹಾಜರ್. ನಾನು ಕರ್ಕೊಂಡ್ ಬರೋಕೆ ಹೋದಾಗ ಮೊಣಕಾಲಿಂದ ಕೆಳಗೆ ಎಣಿಸಿದ್ರೆ ಒಂದು ಕಾಲಲ್ಲೇ 30ಕ್ಕೂ ಜಾಸ್ತಿ ಗುಳ್ಳೆ, ಕೆಲವು ಹೆಪ್ಪುಗಟ್ಟಿ ಒಣಗಿದ್ವು, ಕೆಲವು ಹಸಿ. ನಮ್ಮಮ್ಮ "ಮಲೆನಾಡಲ್ಲಿ ಹುಟ್ಟಿದ್ ಮಕ್ಳಿಗೆ ಇದೆಲ್ಲ ಇರದೇ ಬಿಡೇ" ಅಂದ್ರು. ಜೂನಲ್ಲಿ ಸ್ಕೂಲ್ ಶುರುವಾಯ್ತು, ಯೂನಿಫಾರ್ಮ್ ಸ್ಕರ್ಟು, ಮೊದಲನೇ ದಿನಾನೇ ಆಯಾ ಕೇಳಿದ್ಳಂತೆ "ಪಾಪುಗೆ ಸಿಡುಬಾಗಿತ್ತಾ" ಅಂತ. ಪುಟ್ಟಿ ಮನೆಗೆ ಬಂದು ಲೆಗ್ಗಿಂಗ್ಸ್ ಹಾಕು ಅಂತ ಹಟ. ಐದು ವರ್ಷದ್ ಮಗು ಕಾಲು ಮುಚ್ಕೊಳ್ಳೋದ್ ನೋಡಿ ನಂಗೆ ತಡ್ಕೊಳ್ಳೋಕಾಗ್ಲಿಲ್ಲ, ಅವತ್ತು ರಾತ್ರಿನೇ ಆನ್‌ಲೈನಲ್ಲಿ ಮೊದಲನೇ ಟ್ಯೂಬ್ ಆರ್ಡರ್ ಮಾಡ್ದೆ.

ಅದು ಈರುಳ್ಳಿ ಸಾರದ ಸ್ಕಾರ್ ಜೆಲ್ಲು. ಬಾಕ್ಸ್ ಮೇಲೆ ಮೊದಲು, ನಂತರ ಅಂತ ಎರಡು ಫೋಟೋ, ಸಾವಿರದ ಹತ್ರ ಹತ್ರ ರೇಟು. ಎಂಟು ವಾರ ದಿನಕ್ಕೆ ಎರಡ್ ಸಲ ತಿಕ್ಕಿದ್ದೇ ತಿಕ್ಕಿದ್ದು, ಚುಕ್ಕೆ ಅಲ್ಲಾಡ್ಲಿಲ್ಲ. ಆಮೇಲೆ ವಿಟಮಿನ್ ಇ ಕ್ಯಾಪ್ಸೂಲ್ ಸೂಜಿಲಿ ಚುಚ್ಚಿ ಎಣ್ಣೆ ಹಚ್ಚೋದು, ಇದು ಎಲ್ಲರ ಮನೇಲೂ ನಡೆಯೋ ಪ್ರಯೋಗ, ಅದ್ರಲ್ಲಿ ಪುಟ್ಟಿಗೆ ಹೊಸದಾಗಿ ಕೆಂಪಗೆ ದದ್ದು ಬಂತು, ಕಲೆ ಹೋಗ್ಲಿ ಅಂತ ಹಚ್ಚಿದ್ದಕ್ಕೆ ಕಲೆಗೇ ಇನ್ನೊಂದು ಕಾರಣ ಆಯ್ತು. ಅಲ್ಲಿಗೆ ಎರಡು ಐಟಂ ಔಟು.

ಮೂರನೇದು ನಂಗೆ ಇವತ್ತಿಗೂ ಬೇಜಾರಿರೋ ವಿಷ್ಯ. ಹತ್ರದ ಒಂದು ಮೆಡಿಕಲ್ ಶಾಪಲ್ಲಿ "ಹುಳ ಕಚ್ಚಿ ತುರಿಕೆ" ಅಂದಿದ್ದೇ ತಡ, ಕೌಂಟರ್‌ನವ್ನು ಮಗು ಕಾಲನ್ನೂ ನೋಡ್ದೆ ಒಂದು ಟ್ಯೂಬ್ ಎತ್ತಿ ಕೊಟ್ಟ. ಹಚ್ಚಿದ್ರೆ ಮ್ಯಾಜಿಕ್ಕು, ಎರಡೇ ದಿನಕ್ಕೆ ತುರಿಕೆ ಮಾಯ. ಖುಷಿಯಾಗಿ ಎಲ್ಲಾ ಚುಕ್ಕೆಗೂ ಹಚ್ಚಿದೆ, ಹಳೇ ಕಲೆಗೂ, ತಿಂಗಳುಗಟ್ಟಲೆ. ಆಮೇಲೆ ನೋಡ್ತೀನಿ, ಕಪ್ಪು ಚುಕ್ಕೆ ಸುತ್ತ ಚರ್ಮ ಬೆಳ್ಳಗಾಗಿದೆ! ಕಪ್ಪು ಮಧ್ಯ, ಬಿಳಿ ಅಂಚು, ಕಣ್ಣಿನ ಥರ. ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿದ್ರೆ ಸ್ಟ್ರಾಂಗ್ ಸ್ಟೀರಾಯ್ಡು, ಜೊತೆಗೆ ಒಂದು ಆಂಟಿಬಯಾಟಿಕ್ಕು, ಜೊತೆಗೆ ಫಂಗಸ್‌ಗೆ ಒಂದು, ಮೂರೂ ಸೇರಿಸಿದ ಮಿಸಳಭಾಜಿ. 2018ರಲ್ಲೇ ಕೇಂದ್ರ ಸರ್ಕಾರ ಇಂಥಾ ಸ್ಟೀರಾಯ್ಡ್ ಕ್ರೀಮುಗಳನ್ನ ಶೆಡ್ಯೂಲ್ ಹೆಚ್‌ಗೆ ಹಾಕಿದೆ, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಕೊಡಂಗಿಲ್ಲ. ಕೊಡ್ತಾರೆ, ನಾವೂ ತಗೋತೀವಿ. ಸ್ಟೀರಾಯ್ಡ್ ಅನ್ನೋದೇ ವಿಷ ಅಂತ ನಾನು ಹೇಳ್ತಿಲ್ಲ, ಆಮೇಲೆ ಡಾಕ್ಟ್ರೇ ಮೈಲ್ಡ್ ಆಗಿರೋದು ಒಂದು ಬರ್ಕೊಟ್ರು, 1% ಹೈಡ್ರೋಕಾರ್ಟಿಸೋನು, ಹೊಸ ಗುಳ್ಳೆಗೆ ಮಾತ್ರ, ತೆಳ್ಳಗೆ, ಮೂರ್ನಾಲ್ಕು ದಿನ, ಗಾಯ ಇದ್ದಲ್ಲಿ ಬೇಡ ಅಂತ. ಅದಕ್ಕೂ, ಯಾರೋ ಕೌಂಟರಿಂದ ಎಸೆದಿದ್ದನ್ನ ತಿಂಗಳುಗಟ್ಟಲೆ ಬಳಿಯೋದಕ್ಕೂ ಅಜಗಜಾಂತರ.

ಆ ಬಿಳಿ ಅಂಚು ನೋಡಿ ಹೆದರಿ ಕೊನೆಗೆ ಸ್ಕಿನ್ ಡಾಕ್ಟರ್ ಹತ್ರ ಹೋಗಿದ್ದು. ಮೊದ್ಲೇ ಹೋಗಿದ್ರೆ ಎಷ್ಟು ಉಳೀತಿತ್ತೋ. ಡಾಕ್ಟ್ರಮ್ಮ ಏನ್ ಮಾಡಿದ್ರು ಅಂದ್ರೆ ಪುಟ್ಟಿ ಕಾಲಿನ ಚುಕ್ಕೆ ಮೇಲೆ ಒಂದು ಗಾಜಿನ ಪಟ್ಟಿ ಇಟ್ಟು ಒತ್ತಿದ್ರು. ಒಂದು ಕೆಂಪು ಚುಕ್ಕೆ ಒತ್ತಿದ ತಕ್ಷಣ ಮಾಯ ಆಯ್ತು, ಬಿಟ್ರೆ ವಾಪಸ್ ಬಂತು. ಪಕ್ಕದ ಕಂದು ಚುಕ್ಕೆ ಎಷ್ಟು ಒತ್ತಿದ್ರೂ ಹಂಗೇ ಇತ್ತು. ಒಂದು ರಕ್ತನಾಳದ ಕೆಂಪು, ಇನ್ನೊಂದು ಬಣ್ಣ, ಅಂದ್ರೆ ಮೆಲನಿನ್ನು. ಚರ್ಮದಲ್ಲಿ ಉರಿಯೂತ ಆದಾಗ ಬಣ್ಣ ತಯಾರ್ ಮಾಡೋ ಜೀವಕೋಶಗಳು ಕೆರಳಿ ಜಾಸ್ತಿ ಮೆಲನಿನ್ ಸುರಿಯುತ್ವೆ, ನಮ್ಮಂಥ ಕಂದು ಚರ್ಮದಲ್ಲಿ ಆ ಕೋಶಗಳು ಮೊದ್ಲೇ ಚುರುಕು, ಅದಕ್ಕೇ ಬಿಳಿಯರ ಮಗುಗೆ ಕೆಂಪಗಾಗಿ ಹೋಗೋದು ನಮ್ಮಕ್ಕಳಿಗೆ ಕಪ್ಪಗಾಗಿ ಕೂತ್ಕೊಳ್ಳುತ್ತೆ. ಬಣ್ಣ ಮೇಲ್ಪದರದಲ್ಲಿದ್ರೆ ಆರು ತಿಂಗಳಿಂದ ಒಂದು ವರ್ಷದೊಳಗೆ ತಾನಾಗೇ ತಿಳಿಯಾಗುತ್ತಂತೆ, ಒಳಪದರಕ್ಕೆ ಇಳಿದು ನೀಲಿಬೂದು ಬಣ್ಣ ಬಂದಿದ್ರೆ ವರ್ಷಗಟ್ಟಲೆ. ಇದ್ಯಾವುದೂ ನಿಜವಾದ ಗಾಯದ ಗುರುತಲ್ಲ. ಗುಳಿ ಬೀಳೋದು, ಉಬ್ಬಿ ನಿಲ್ಲೋದು, ಅದು ಗುರುತು, ಅದು ಚರ್ಮ ಆಳವಾಗಿ ಹರಿದ್ರೆ ಇಲ್ಲಾ ಕೀವಾದ್ರೆ ಆಗೋದು. ಪುಟ್ಟಿ ಕಾಲಲ್ಲಿದ್ದ 60 ಚಿಲ್ಲರೆ ಚುಕ್ಕೇಲಿ ಅಂಥದ್ದು ಇದ್ದಿದ್ದು ಎರಡೇ. ಅಂದ್ರೆ ನಾನು ಸ್ಕಾರ್ ಜೆಲ್ ಹಚ್ಚಿದ್ದು ಸ್ಕಾರೇ ಅಲ್ಲದಿದ್ದಕ್ಕೆ.

ನಾನು "ಅವಳಿಗೇ ಯಾಕೆ ಸೊಳ್ಳೆ ಇಷ್ಟು ಕಚ್ಚುತ್ತೆ ಡಾಕ್ಟ್ರೇ" ಅಂದೆ. ಅವರು ನಕ್ಕು "ಸೊಳ್ಳೆ ಕಚ್ಚಿ ಎರಡು ನಿಮಿಷಕ್ಕೆ ಹೋಗಿರುತ್ತೆ ಕಣ್ರೀ, ಆಮೇಲಿಂದೆಲ್ಲ ಉಗುರಿಂದು" ಅಂದ್ರು. ಆಮೇಲೆ ಪುಟ್ಟಿ ಕೈ ಹಿಡ್ಕೊಂಡು ಉಗುರು ನೋಡಿದ್ರು, ಒಂದೊಂದರ ಅಡೀಲೂ ಒಂದು ಗೆರೆ ಕೊಳೆ. ನಂಗೆ ನಾಚಿಕೆ ಆಗೋಯ್ತು.

ಇನ್ನೊಂದು ವಿಷ್ಯ ಅವರಿಂದ ಗೊತ್ತಾಗಿದ್ದು, ಇದು ಸಣ್ಣ ಮಕ್ಳಿರೋರು ತಿಳ್ಕೋಬೇಕು. ಎರಡರಿಂದ ಹತ್ತು ವರ್ಷದ ಮಕ್ಳಲ್ಲಿ ಹುಳದ ಜೊಲ್ಲಿಗೆ ಮೈ ಜಾಸ್ತಿ ಪ್ರತಿಕ್ರಿಯೆ ಮಾಡುತ್ತೆ, ಪ್ಯಾಪುಲರ್ ಅರ್ಟಿಕೇರಿಯಾ ಅಂತಾರೆ. ಹೊಸದೊಂದು ಕಚ್ಚಿದ್ರೆ ವಾರದ ಹಿಂದಿನ ಹಳೇ ಗುಳ್ಳೆಗಳೂ ಎದ್ದು ಮತ್ತೆ ತುರಿಸೋಕೆ ಶುರು. ಬೆಂಗಳೂರಿಗೆ ಬಂದ್ಮೇಲೂ ಒಂದೇ ಒಂದು ಸೊಳ್ಳೆ ಕಚ್ಚಿದ್ರೆ ಕಾಲೆಲ್ಲ ಯಾಕೆ ಕೆರ್ಕೊಳ್ತಾಳೆ ಅಂತ ನಂಗೆ ಅರ್ಥ ಆಗಿದ್ದು ಆಗ. ಮನೇಲಿ ತಿಗಣೆ ಇದೆಯೇನೋ ಅಂತ ನಾನು ಎರಡು ಸಲ ಹಾಸಿಗೆ ಬಿಸಿಲಿಗೆ ಹಾಕಿದ್ದೆ! ದೊಡ್ಡೋರಾಗ್ತಾ ಹೆಚ್ಚಿನವರಿಗೆ ಇದು ಕಡಿಮೆ ಆಗುತ್ತಂತೆ.

ಸರಿ, ರಿವ್ಯೂಗೆ ಬರೋಣ. ಉಳ್ಕೊಂಡ ನಾಲ್ಕರಲ್ಲಿ ಮೊದಲನೇದು ಹಳೇ ಕಾಲದ ಗುಲಾಬಿ ಕ್ಯಾಲಮೈನ್ ಲೋಷನ್ನು. ನಾವು ಸಣ್ಣೋರಿದ್ದಾಗ ಅಮ್ಮ ಹಚ್ತಿದ್ದಿದ್ದೇ. ಈಗಿನ ಚೆಂದದ ಬಾಟ್ಲಿಲಿ ಬರೋ ಮುಖಕ್ಕೆ ಹಚ್ಚೋ ಲೋಷನ್ ಅಲ್ಲ, ಮೆಡಿಕಲಲ್ಲಿ ಸಿಗೋ ಸಾದಾದು, ಅಡೀಲಿ ಸೀಮೆಸುಣ್ಣದ ಥರ ಗಸಿ ಕೂತಿರುತ್ತಲ್ಲ ಅದು. ಅದ್ರಲ್ಲಿರೋದು ಜಿಂಕ್ ಆಕ್ಸೈಡು, ಗುಲಾಬಿ ಬಣ್ಣ ಬಂದಿರೋದು ಸ್ವಲ್ಪ ಕಬ್ಬಿಣದ ಆಕ್ಸೈಡಿಂದ. ಚೆನ್ನಾಗಿ ಕುಲುಕ್ಬೇಕು, ಕುಲುಕದೆ ಹಚ್ಚಿದ್ರೆ ಬರೀ ನೀರು ಹಚ್ಚಿದಂಗೆ, ನಾನು ಒಂದು ವಾರ ಹಂಗೇ ಹಚ್ಚಿ "ಇದೇನು ಕೆಲ್ಸ ಮಾಡಲ್ಲ" ಅಂತ ಬೈಕೊಂಡಿದ್ದೆ. ಹತ್ತೀಲಿ ಅದ್ದಿ ಚುಕ್ಕೆ ಮೇಲಿಟ್ರೆ ಒಣಗ್ತಾ ಒಣಗ್ತಾ ತಣ್ಣಗಾಗುತ್ತೆ, ತುರಿಕೆ ಪೂರ್ತಿ ಹೋಗಲ್ಲ, ಆದ್ರೆ ಕೈ ಹೋಗೋದು ತಪ್ಪುತ್ತೆ, ಬೇಕಾಗಿರೋದೂ ಅಷ್ಟೇ. ಕೆರೆದು ಹಸಿಯಾಗಿರೋ ಗಾಯಕ್ಕೆ ಹಚ್ಬೇಡಿ, ಉರಿಯುತ್ತೆ, ಒಣಗಿ ಬಿರಿಯುತ್ತೆ. ಕೆಟ್ಟ ವಿಷ್ಯ ಅಂದ್ರೆ ಬೆಡ್‌ಶೀಟೆಲ್ಲ ಗುಲಾಬಿ ಪುಡಿ, ಮತ್ತೆ ನಮ್ಮವ್ರು ಬೆಳಿಗ್ಗೆ ಆಫೀಸಿಗೆ ಹೊರಟಾಗ ಪ್ಯಾಂಟಿಗೆ ಪುಟ್ಟಿ ಕಾಲಿನ ಅಚ್ಚು. ರೇಟ್ ನೋಡಿದ್ರೆ ನಾನ್ ತಗೊಂಡಿದ್ದ ಈರುಳ್ಳಿ ಜೆಲ್ ದುಡ್ಡಲ್ಲಿ ಏಳೆಂಟು ಬಾಟ್ಲಿ ಬರುತ್ತೆ.

ಆದ್ರೆ ನಿಜವಾದ ಹೀರೋ ಎರಡನೇದು. ಹೈಡ್ರೋಕೊಲಾಯ್ಡ್ ಪ್ಯಾಚು. ಕಾಲೇಜ್ ಹುಡ್ಗೀರು ಮೊಡವೆಗೆ ಅಂಟಿಸ್ಕೊಳ್ತಾರಲ್ಲ ಪಿಂಪಲ್ ಪ್ಯಾಚ್ ಅಂತ, ಅದೇ. ಮೂಲತಃ ಆಸ್ಪತ್ರೇಲಿ ಗಾಯಕ್ಕೆ ಹಾಕೋ ಡ್ರೆಸ್ಸಿಂಗು. ನಂಗೆ ಇದು ಹೊಳೆದಿದ್ದು ಒಂದು ರಾತ್ರಿ. ಲೈಟ್ ಆಫ್ ಮಾಡಿ ಮಲಗಿದ್ವಿ, ಕತ್ಲಲ್ಲಿ ಕರ ಕರ ಕರ ಅಂತ ಸದ್ದು, ಇಲಿ ಏನಾದ್ರೂ ಕಡೀತಿದೆಯಾ ಅಂತ ಎದ್ದು ಫೋನ್ ಟಾರ್ಚ್ ಹಾಕಿದ್ರೆ ಪುಟ್ಟಿ ಗಾಢ ನಿದ್ದೆ, ಬಾಯಿ ತೆರ್ದಿದೆ, ಆದ್ರೆ ಕೈ ಮಾತ್ರ ಕೆಲ್ಸ ಮಾಡ್ತಿದೆ, ಮೊಣಕಾಲ ಕೆಳಗೆ ಹೆಪ್ಪು ಕಿತ್ತು ರಕ್ತ ಜಿನುಗಿ ಉಗುರ್ ತುದಿಗೆ ಹತ್ತಿದೆ. ಎಚ್ಚರ ಇದ್ದಾಗ ಬೈಬೋದು, ನಿದ್ದೇಲಿ ಯಾರಿಗೆ ಬೈತೀರಾ. ನನ್ ಹತ್ರ ನನ್ ಮೊಡವೆಗೆ ಅಂತ ತಂದಿದ್ದ ಪ್ಯಾಚ್ ಇತ್ತು, ಗಾಯ ತೊಳೆದು ಒರೆಸಿ ಅದನ್ನೇ ಅಂಟಿಸ್ದೆ. ಬೆಳಿಗ್ಗೆ ನೋಡಿದ್ರೆ ಪ್ಯಾಚ್ ಮಧ್ಯ ಬೆಳ್ಳಗೆ ಉಬ್ಬಿದೆ, ಗಾಯದ ನೀರೆಲ್ಲ ಹೀರ್ಕೊಂಡಿದೆ, ಕೆಳಗಡೆ ಚರ್ಮ ಮೆತ್ತಗೆ, ಹೊಸ ಹೆಪ್ಪಿಲ್ಲ.

ಇದ್ರ ಕೆಲ್ಸ ಎರಡು. ಒಂದು, ಉಗುರಿಗೆ ಗೋಡೆ. ತುರಿಸಿದ್ರೂ ಪ್ಲಾಸ್ಟಿಕ್ ಮೇಲೆ ತುರಿಸ್ತಾರೆ, ಚರ್ಮ ಹರಿಯಲ್ಲ. ಎರಡು, ಗಾಯ ಒಣಗದೆ ತೇವವಾಗೇ ವಾಸಿಯಾಗುತ್ತೆ. ನಮ್ ಕಡೆ ಗಾಳಿಗೆ ಬಿಡು ಒಣಗ್ಲಿ ಅಂತಾರಲ್ಲ, ಡಾಕ್ಟ್ರಮ್ಮ ಹೇಳಿದ್ದು ಉಲ್ಟಾ, ಗಟ್ಟಿ ಹೆಪ್ಪು ಕಟ್ಟಿದಷ್ಟೂ ಅದನ್ನ ಕೀಳ್ಬೇಕು ಅನ್ಸುತ್ತೆ, ಕಿತ್ತಷ್ಟೂ ಆಳ. ಪ್ಯಾಚ್ ಇಲ್ಲ ಅಂದ್ರೆ ಸಾದಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ ಮೇಲೊಂದು ಬ್ಯಾಂಡೇಜ್ ಹಾಕಿದ್ರೂ ನಡೆಯುತ್ತೆ.

ದುಡ್ಡು ಉಳಿಸೋ ಐಡಿಯಾ ಒಂದಿದೆ. ಪಿಂಪಲ್ ಪ್ಯಾಚ್ ಅಂತ ಬಣ್ಣದ ಡಬ್ಬೀಲಿ ಬರೋದು ದುಬಾರಿ, ಒಂದೊಂದು ಬೊಟ್ಟಿನ ಸೈಜು. ಸರ್ಜಿಕಲ್ ಅಂಗಡೀಲಿ ಅದೇ ಸಾಮಾನು ಅಂಗೈ ಅಗಲದ ಹಾಳೆಯಾಗಿ ಸಿಗುತ್ತೆ, ತೆಳು ಹೈಡ್ರೋಕೊಲಾಯ್ಡ್ ಡ್ರೆಸ್ಸಿಂಗ್ ಅಂತ ಕೇಳಿ. ಕತ್ರೀಲಿ ರೂಪಾಯಿ ನಾಣ್ಯದ ಅಳತೆಗೆ ಕತ್ತರಿಸ್ಕೊಳ್ಳಿ, ಮೂಲೆ ಬಿಡಬೇಡಿ, ದುಂಡಗೆ ಕತ್ತರಿಸಿ, ಮೂಲೆ ಇದ್ರೆ ಚಡ್ಡಿಗೆ ತಾಗಿ ಎದ್ಬಿಡುತ್ತೆ. ನಾನು ಒಂದ್ಸಲ ಪುಟ್ಟಿಗೇ ಕತ್ತರಿ ಕೊಟ್ಟೆ, ನಕ್ಷತ್ರ ಮಾಡ್ಕೊಂಡ್ಳು, ಅದು ಅರ್ಧ ದಿನಾನೂ ನಿಲ್ಲಲಿಲ್ಲ ಆದ್ರೆ ಸ್ಕೂಲಲ್ಲಿ ಸಿಡುಬು ಕಥೆ ಹೋಗಿ ಸ್ಟಿಕ್ಕರ್ ಕಥೆ ಶುರುವಾಯ್ತು, ಲೆಗ್ಗಿಂಗ್ಸ್ ಹಟ ನಿಂತಿದ್ದೂ ಅವತ್ತೇ. ಕೆಟ್ಟದ್ದೂ ಹೇಳ್ಬೇಕು: ಎಣ್ಣೆ, ಲೋಷನ್ ಹಚ್ಚಿದ್ ಜಾಗಕ್ಕೆ ಅಂಟಲ್ಲ, ಬೆವರಿಗೆ ಅಂಚು ಏಳುತ್ತೆ, ಒಣಗಿದ್ದಾಗ ಕಿತ್ರೆ ಹೊಸ ಚರ್ಮಾನೂ ಕಿತ್ತು ಬರುತ್ತೆ, ಸ್ನಾನದಲ್ಲಿ ನೆನೆಸಿ ನಿಧಾನಕ್ಕೆ ತೆಗೀಬೇಕು. ನಮ್ಮವ್ರ ಕಾಲಿಗೆ ಅಂಟಿಸಿ ತೆಗೆಯುವಾಗ ಕೂದ್ಲೆಲ್ಲ ಬಂದು ಮನೆ ಕಿತ್ತೋಗೋ ಹಂಗೆ ಕೂಗಿದ್ರು. ಮುಖ್ಯವಾಗಿ ಗಾಯದ ಸುತ್ತ ಕೆಂಪು ಹರಡ್ತಿದ್ರೆ, ಬಿಸಿ ಇದ್ರೆ, ಕೀವು ಇಲ್ಲಾ ಜೇನಿನ ಬಣ್ಣದ ಹೊಪ್ಪಳೆ ಕಟ್ಟಿದ್ರೆ ಮುಚ್ಚಿಡಬೇಡಿ, ಡಾಕ್ಟರ್ ಹತ್ರ ಹೋಗಿ, ಅದು ಸೋಂಕು. ನಿಜವಾದ ಗುಳಿ ಕಲೆ ಆಗೋದು ಅಂಥದ್ರಿಂದಾನೇ.

ಸಿಲಿಕೋನ್ ಜೆಲ್ ಬಗ್ಗೆ ತುಂಬಾ ಜನ ಕೇಳ್ತಾರೆ. ಇದು ದಂಡ ಅಲ್ಲ, ಆದ್ರೆ ತಪ್ಪು ಕೆಲ್ಸಕ್ಕೆ ತಗೊಂಡ್ರೆ ದಂಡ. ನನ್ನ ಕಣಕಾಲಲ್ಲಿ ಇಂಬಳ ಕಚ್ಚಿದ್ ಜಾಗ ಕೀವಾಗಿ ಆಮೇಲೆ ಉಬ್ಬಿ ನಿಂತಿತ್ತು, ಸೀರೆ ಅಂಚು ತಾಗಿದ್ರೆ ಕಡಿತ. ಇಂಬಳದ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದಂಗೆ ಮಾಡೋ ಅಂಶ ಇರುತ್ತಲ್ಲ, ಹಂಗಾಗಿ ಅದು ಉದುರಿದ ಮೇಲೂ ರಕ್ತ ಹರೀತಾನೇ ಇರುತ್ತೆ, ಆಮೇಲೆ ವಾರಗಟ್ಟಲೆ ನವೆ. ಅದಕ್ಕೆ ಸಿಲಿಕೋನ್ ಜೆಲ್ ದಿನಕ್ಕೆರಡು ಸಲ, ತೆಳ್ಳಗೆ ಸವರಿ ಒಣಗೋಕೆ ಬಿಟ್ಟು, ಮೂರು ತಿಂಗಳು. ನಿಜವಾಗ್ಲೂ ತಗ್ತು. ಪೂರ್ತಿ ಹೋಗಿಲ್ಲ, ಬೆರಳಾಡಿಸಿದ್ರೆ ಗೊತ್ತಾಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಗಾಯ ಪೂರ್ತಿ ಮುಚ್ಚಿದ ಮೇಲೇ ಶುರು ಮಾಡ್ಬೇಕು. ಚಪ್ಪಟೆ ಕಪ್ಪು ಚುಕ್ಕೆಗೆ ಇದ್ರಿಂದ ನಯಾಪೈಸೆ ಪ್ರಯೋಜನ ಇಲ್ಲ.

ಬ್ಯಾಟರಿ ಪೆನ್ನು ನನ್ ಭಾವ ಜರ್ಮನಿಯಿಂದ ತಂದ್ಕೊಟ್ಟಿದ್ದು. ತುದೀಲಿ ಸಣ್ಣ ಬಿಲ್ಲೆ, ಬಟನ್ ಒತ್ತಿದ್ರೆ 50 ಡಿಗ್ರಿ ಹತ್ರ ಬಿಸಿಯಾಗಿ ಮೂರರಿಂದ ಆರು ಸೆಕೆಂಡಲ್ಲಿ ತಾನೇ ಆರುತ್ತೆ. ಕಚ್ಚಿದ ತಕ್ಷಣ ಇಟ್ರೆ ನಂಗಂತೂ ತುರಿಕೆ ಇಳೀತು, ಚುರುಕ್ ಅನ್ನುತ್ತೆ ಅಷ್ಟೇ. ಪುಟ್ಟಿಗೆ ಒಂದ್ಸಲ ಇಟ್ಟಿದ್ದು, ಆಮೇಲೆ ಆ ಪೆನ್ನು ಕಂಡ್ರೆ ಸೋಫಾ ಹಿಂದೆ. ಇದನ್ನ ನೋಡಿ ಯಾರೂ ಬಿಸಿನೀರಲ್ಲಿ ಚಮಚ ಅದ್ದಿ ಇಡೋ ಸಾಹಸ ಮಾಡ್ಬೇಡಿ, ಸುಟ್ಟ ಕಲೆ ಇನ್ನೂ ದೊಡ್ಡದು. ಮಗುಗೆ ತಣ್ಣೀರ್ ಬಟ್ಟೆ, ಇಲ್ಲಾ ಕರ್ಚೀಫಲ್ಲಿ ಸುತ್ತಿದ ಐಸು ಐದ್ಹತ್ತು ನಿಮಿಷ, ಇದಕ್ಕೆ ಯಾವ ಆರ್ಡರೂ ಮಾಡ್ಬೇಕಾಗಿಲ್ಲ.

ನಿಂಬೆ ಹಣ್ಣಿನ ಕಥೆ ಹೇಳ್ದೆ ಇರೋಕಾಗಲ್ಲ. ಫ್ಯಾಮಿಲಿ ಗ್ರೂಪಲ್ಲಿ ನಮ್ಮ ದೊಡ್ಡಮ್ಮ ಕಲೆಗೆ ನಿಂಬೆಹಣ್ಣು ತಿಕ್ಕು ಅಂದ್ರು, ಪುಣ್ಯಕ್ಕೆ ಮೊದ್ಲು ನನ್ ಕೈಗೇ ತಿಕ್ಕೊಂಡೆ. ತಿಕ್ಕೊಂಡು ತಾರಸಿ ಮೇಲೆ ಸಂಡಿಗೆ ಇಡೋಕೆ ಹೋದೆ, ಏಪ್ರಿಲ್ ಬಿಸ್ಲು, ಒಂದು ಗಂಟೆ. ಎರಡ್ ದಿನಕ್ಕೆ ಕೈ ಮೇಲೆ ರಸ ಹರಿದ ದಾರೀಲೇ ಗೆರೆ ಗೆರೆಯಾಗಿ ಕಪ್ಪು, ಯಾರೋ ಇದ್ದಿಲಲ್ಲಿ ಎಳೆದಂಗೆ. ನಿಂಬೆ ಸಿಪ್ಪೆ, ರಸದಲ್ಲಿ ಇರೋ ಒಂದು ಅಂಶಕ್ಕೆ ಬಿಸಿಲು ತಾಗಿದ್ರೆ ಚರ್ಮ ಸುಡುತ್ತೆ, ಅದೂ ಹೋಗೋಕೆ ತಿಂಗಳುಗಳು ಹಿಡೀತು. ಚುಕ್ಕೆಗೆ ಸುಣ್ಣ, ಟೂತ್‌ಪೇಸ್ಟು ಹಚ್ಚೋದೂ ಅದೇ ಜಾತಿ, ಸುಣ್ಣ ಅಂತೂ ಚರ್ಮಾನೇ ಸುಡುತ್ತೆ. ಲೋಳೆಸರ ಬೇಕಾದ್ರೆ ಹಚ್ಚಿ, ತಂಪು ಅಂತೂ ಇದೆ.

ನಮ್ಮವ್ರ ಕತ್ತಿನ ಮೇಲೂ ಒಂದು ಮಳೆಗಾಲದಲ್ಲಿ ಉದ್ದಕ್ಕೆ ಒಂದು ಗೆರೆ ಎದ್ದಿತ್ತು, ಜೇಡ ಓಡಾಡಿದೆ ಅಂತ ಎಲ್ಲಾ ಹೇಳಿದ್ರು. ಅದು ಕಡಿತಾನೇ ಅಲ್ಲ. ರಾತ್ರಿ ಟ್ಯೂಬ್‌ಲೈಟಿಗೆ ಬರೋ ಕೆಂಪು ಕಪ್ಪು ಪಟ್ಟಿಯ ಸಣ್ಣ ಉದ್ದನೆ ಹುಳ, ಪೀಡೆರಸ್ ಅಂತ ಅದ್ರ ಹೆಸ್ರು, ಅದು ಕಚ್ಚಲ್ಲ, ನಾವು ಕತ್ತಿನ ಮೇಲೆ ಹೊಡೆದು ಉಜ್ಜಿದಾಗ ಅದರ ಮೈಯೊಳಗಿನ ರಸ ಸುಡುತ್ತೆ, ಮಾರನೇ ದಿನ ಗುಳ್ಳೆ. ಮೈ ಮೇಲೆ ಕೂತ್ರೆ ಊದಿ ಹಾರಿಸ್ಬೇಕು, ಹೊಸಕಬಾರ್ದು. ಹೊಸಕಿದ್ರೆ ತಕ್ಷಣ ಸೋಪು ನೀರು. ಇವ್ರು ಹೊಸಕಿ ಮಲ್ಗಿದ್ರು, ಮೂರು ತಿಂಗಳು ಕಾಲರ್ ಬಟನ್ ಹಾಕ್ಕೊಂಡು ಓಡಾಡಿದ್ರು.

ಉಳ್ಕೊಂಡ ನಾಲ್ಕರಲ್ಲಿ ಮೂರನೇದು ಸನ್‌ಸ್ಕ್ರೀನು. ಕಾಲಿಗೆ ಸನ್‌ಸ್ಕ್ರೀನಾ ಅಂತ ನಾನೂ ನಕ್ಕಿದ್ದೆ. ಆದ್ರೆ ಕಲೆ ತಿಳಿಯಾಗ್ತಿರುವಾಗ ಬಿಸಿಲು ಬಿದ್ರೆ ಮತ್ತೆ ಕಪ್ಪಾಗುತ್ತೆ, ಪಿಟಿ ಪೀರಿಯಡ್ ದಿನ ಅರ್ಧ ಗಂಟೆ ಮೈದಾನದಲ್ಲಿ ನಿಂತ್ರೆ ತಿಂಗಳ ಕೆಲ್ಸ ನೀರುಪಾಲು. ಎಸ್‌ಪಿಎಫ್ 30 ಇರೋದು ಸಾಕು, ಮಕ್ಳಿಗೆ ಜಿಂಕ್ ಇರೋದು ನೋಡಿ ತಗೊಳ್ಳಿ, ಬೆಳ್ಳಗೆ ಕಾಣುತ್ತೆ ಅಂತ ಬೈಬೇಡಿ. ಪುಟ್ಟಿಗೆ ಕಲೆ ತೆಗೆಯೋ ಕ್ರೀಮ್ ಅಂತ ಡಾಕ್ಟ್ರಮ್ಮ ಏನೂ ಕೊಡ್ಲಿಲ್ಲ, ಇದು ಮತ್ತೆ ಸಾದಾ ಮಾಯಿಶ್ಚರೈಸರ್ ಅಷ್ಟೇ. ನನ್ ಕೈ ಕಾಲಿಗೆ ಮಾತ್ರ 10% ಅಜೆಲಾಯಿಕ್ ಆಸಿಡ್ ಕೊಟ್ರು, ಹಚ್ಚಿದಾಗ ಚಿಟಿಪಿಟಿ ಅನ್ನುತ್ತೆ, ಮೂರು ತಿಂಗಳಿಗೆ ಅರ್ಧ ತಿಳಿಯಾಯ್ತು, ಹಚ್ಚದೇ ಇದ್ದಿದ್ರೂ ಅಷ್ಟು ಆಗ್ತಿತ್ತೇನೋ ಅನ್ನೋ ಅನುಮಾನ ನಂಗಿದೆ, ಅದಕ್ಕೇ ಅದು ನಾಲ್ಕರ ಲಿಸ್ಟಲ್ಲಿಲ್ಲ.

ನಾಲ್ಕನೇದು ಕಚ್ಚದಂಗೆ ನೋಡ್ಕೊಳ್ಳೋ ಕ್ರೀಮು, ನಾವೆಲ್ಲ ಚಿಕ್ಕಂದಿನಿಂದ ನೋಡಿರೋ ಓಡೋಮಾಸೇ. ಸಂಜೆ ಐದಕ್ಕೇ ಕಾಲು, ಮೊಣಕೈ, ಕತ್ತಿನ ಹಿಂದೆ. ಸನ್‌ಸ್ಕ್ರೀನ್ ಹಚ್ಚೋದಿದ್ರೆ ಅದು ಮೊದ್ಲು, ಇದು ಮೇಲೆ. ಗಾಯದ ಮೇಲೆ ಬೇಡ, ಸಣ್ಣ ಮಕ್ಳ ಅಂಗೈಗೆ ಬೇಡ, ಬಾಯಿಗೆ ಹೋಗುತ್ತೆ. ಅದ್ರ ಜೊತೆ ತಗೊಂಡಿದ್ದ ಲೆಮನ್‌ಗ್ರಾಸ್ ವಾಸನೆ ರಬ್ಬರ್ ಬ್ಯಾಂಡ್ ಶುದ್ಧ ಆಟದ ಸಾಮಾನು, ಸೊಳ್ಳೆ ಆ ಬ್ಯಾಂಡ್ ಪಕ್ಕದಲ್ಲೇ ಕೂತು ಕಚ್ಚಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ರಾತ್ರಿಗೆ ಪರದೆ, ಮೇಲೆ ಫ್ಯಾನು ಜೋರಾಗಿ, ಸೊಳ್ಳೆಗೆ ಆ ಗಾಳೀಲಿ ಹಾರೋಕಾಗಲ್ಲ.

ಮಲೆನಾಡಿಗೆ ಹೋಗೋರಿಗೆ ಒಂದು ಮಾತು, ಇದು ಕಲೆ ವಿಷ್ಯ ಅಲ್ಲ ಆದ್ರೂ. ಉಣುಗು ಕಚ್ಚಿದ್ರೆ ಬರೀ ತುರಿಕೆ ಅಂತ ಬಿಡಬೇಡಿ. ಉಣುಗಿಂದ ಹರಡೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಡಿಸೆಂಬರಿಂದ ಮೇವರೆಗೆ ಜಾಸ್ತಿ, ಅಂದ್ರೆ ಸರಿಯಾಗಿ ನಮ್ಮಕ್ಕಳ ರಜದಲ್ಲಿ. ಅಮ್ಮನ ಮನೇಲಿ ಆರೋಗ್ಯ ಇಲಾಖೆಯಿಂದ ಕೊಟ್ಟ, ಉಣುಗು ಹತ್ತದಂಗೆ ತಡೆಯೋ ಡೇಪಾ ಎಣ್ಣೆ ಬಾಟ್ಲಿ ಕಿಟಕಿ ಮೇಲೇ ಇರುತ್ತೆ, ಕಾಡು, ತೋಟಕ್ಕೆ ಹೋಗೋಕೆ ಮುಂಚೆ ಕೈಕಾಲಿಗೆ ಹಚ್ಕೊಂಡು ಹೋಗೋದು, ಬಂದು ಸೋಪ್ ಹಾಕಿ ಬಿಸಿನೀರ್ ಸ್ನಾನ. ಕಾಡಿಂದ ಬಂದ್ಮೇಲೆ ಜ್ವರ ಬಂದ್ರೆ ಕಾಯ್ತಾ ಕೂರಬೇಡಿ.

ಈ ವರ್ಷ ಏಪ್ರಿಲಲ್ಲಿ ಮತ್ತೆ ಹೋಗಿದ್ವಿ, ಪೂರ್ತಿ ತಯಾರಿ. ಭಾನುವಾರ, ಬುಧವಾರ ಉಗುರು ಕತ್ತರಿಸೋದು, ಕತ್ತರಿಸಿದ್ ಮೇಲೆ ಉಜ್ಜಿ ನುಣ್ಣಗೆ ಮಾಡೋದು (ಬರೀ ಕತ್ತರಿಸಿದ ಉಗುರು ಗರಗಸ ಇದ್ದಂಗೆ, ಇನ್ನೂ ಹರಿಯುತ್ತೆ), ಸಂಜೆ ಉದ್ದ ಕಾಟನ್ ಪ್ಯಾಂಟು, ಕಚ್ಚಿದ್ದಕ್ಕೆ ತಣ್ಣೀರ್ ಬಟ್ಟೆ, ಆಮೇಲೆ ಗುಲಾಬಿ ಲೋಷನ್, ಕೆರೆದು ಬಿಟ್ಟಿದ್ರೆ ಪ್ಯಾಚ್. ತೀರಾ ಜಾಸ್ತಿ ಇದ್ದ ರಾತ್ರಿ ಡಾಕ್ಟ್ರು ಅವಳ ತೂಕಕ್ಕೆ ಬರ್ಕೊಟ್ಟಿದ್ದ ತುರಿಕೆ ಇಳಿಸೋ ಸಿಟ್ರಿಜಿನ್ ಸಿರಪ್ಪು. ಕಚ್ಚಿದ್ದು ಕಮ್ಮಿ ಏನಲ್ಲ, ತೋಟದ ಸೊಳ್ಳೆಗೆ ನನ್ ರಿವ್ಯೂ ಗೊತ್ತಾ. ಆದ್ರೆ ಜೂನಲ್ಲಿ ಎಣಿಸಿದ್ರೆ ಎರಡೂ ಕಾಲು ಸೇರಿ ಹೊಸ ಕಲೆ ಒಂಬತ್ತು. ಒಂಬತ್ತರಲ್ಲಿ ಆರು ಪ್ಯಾಚ್ ಖಾಲಿಯಾಗಿದ್ದ ಕೊನೇ ವಾರದ್ದು. ಹಳೇ 60 ಚಿಲ್ಲರೇಲಿ ಈಗ ಹತ್ತಿರದಿಂದ ನೋಡಿದ್ರೆ ಕಾಣೋದು ಹತ್ತು ಹನ್ನೆರಡು, ಆ ಬಿಳಿ ಅಂಚೂ ಮುಚ್ಕೊಂಡಿದೆ. ಆ ಎರಡು ಗುಳಿ ಮಾತ್ರ ಹಂಗೇ ಇದಾವೆ, ಅವು ಇರುತ್ವೆ.

ಪ್ಯಾಚ್ ಕೊನೇ ವಾರ ಯಾಕೆ ಖಾಲಿಯಾಯ್ತು ಅಂತ ಆಮೇಲೆ ಗೊತ್ತಾಯ್ತು. ನಮ್ಮಮ್ಮ, ಇದೆಲ್ಲ ಪೇಟೆಯವರ ಶೋಕಿ ಅಂತ ಬೈತಿದ್ದ ಅದೇ ನಮ್ಮಮ್ಮ, ಅಡಿಕೆ ಸುಲಿಯೋ ಮೆಟ್ಟುಕತ್ತಿ ತಾಗಿ ಬೆರಳಿಗೆ ಗೀರಾಗಿದ್ದಕ್ಕೆ ಹಾಳೆಯಿಂದ ಕತ್ತರಿಸಿ ಕತ್ತರಿಸಿ ಅಂಟಿಸ್ಕೊಂಡಿದಾರೆ. ಮೊನ್ನೆ ಫೋನ್ ಮಾಡಿ "ನವರಾತ್ರಿಗೆ ಬರಬೇಕಾರೆ ಆ ಕೂಸಿನ ಸ್ಟಿಕ್ಕರ್ ಎರಡು ಹಾಳೆ ಜಾಸ್ತಿ ತಗಂಬಾ, ಪಕ್ಕದ್ ಮನೆಯವ್ರೂ ಕೇಳ್ತಿದಾರೆ" ಅಂದ್ರು.